ತೊಡೆಯಡಿಯ ಕೈಗಳು

ಕಿವುಡ ಮಕ್ಕಳ ಆ ಶಾಲೆಯಲ್ಲಿ ಕೈಗಳನ್ನು ತೊಡೆಯ ಕೆಳಗಿಟ್ಟು ಕೂರಬೇಕು. ಅದೇ ಮೊದಲ ಪಾಠ. ಅಕ್ಷರಕ್ಕಿಂತ ಮೊದಲು, ತಮ್ಮ ಹೆಸರಿಗಿಂತ ಮೊದಲು ಮಕ್ಕಳು ಅದನ್ನು ಕಲಿಯುತ್ತಾರೆ. ಕೈ ಮೇಲೆ ಬಂದರೆ ಬೆರಳ ಗಿಣ್ಣಿನ ಮೇಲೆ ಸ್ಕೇಲು ಬೀಳುತ್ತದೆ. ಕೈಯಾಡಿಸುವುದು ಮಂಗಗಳು, ಮನುಷ್ಯರು ಬಾಯಲ್ಲಿ ಮಾತಾಡುತ್ತಾರೆ ಎಂದು ಅಲ್ಲಿನ ಟೀಚರುಗಳು ಹೇಳುತ್ತಾರೆ. ಕಿವಿ ಕೇಳದ ಮಕ್ಕಳಿಗೆ ಹೇಳುತ್ತಾರೆ.

ದೋಬ್ರಿನಾ ಅಲ್ಲಿ ಹತ್ತು ವರ್ಷ ತನ್ನ ಕೈಗಳ ಮೇಲೆ ಕೂತಿದ್ದಳು. ಅವಳ ಅಪ್ಪ ವೇಲ್ಕೋ, ಅಮ್ಮ ಝ್ಲಾತ್ಕಾ ಕೂಡ ಹಾಗೇ ಕೂತು ಬಂದವರು. ಇಬ್ಬರೂ ಕಿವುಡರು. ಡಾನ್ಯೂಬ್ ದಂಡೆಯ ಆ ಊರಿನಲ್ಲಿ ಕಿವುಡರಿಗೆಂದೇ ಇದ್ದ ಚಪ್ಪಲಿ ಕಾರ್ಖಾನೆಯಲ್ಲಿ ಅಟ್ಟೆ ಹೊಡೆಯುವ, ತೊಗಲು ಕತ್ತರಿಸುವ ಕೆಲಸ. ಮನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೈಗಳ ಮಾತು. ಜಗಳ ಕೈಯಲ್ಲಿ, ತಮಾಷೆ ಕೈಯಲ್ಲಿ, ಬೈಗುಳವೂ ಕೈಯಲ್ಲಿ. ದೋಬ್ರಿನಾಗೆ ಎರಡು ವರ್ಷಕ್ಕೇ ಮಾತು ಬಂದಿತ್ತು. ಶಾಲೆಗೆ ಹೋದ ದಿನ ಅದನ್ನು ಕಿತ್ತುಕೊಂಡರು.

ಆ ಶಾಲೆಗೇ ಟೀಚರಾಗಿ ಹೋಗಬೇಕು ಎಂದು ಅವಳು ಹಟ ಹಿಡಿದಳು. ಕಿವುಡರಿಗೆ ಕಲಿಸುವ ಆ ಶಾಲೆಯಲ್ಲಿ ಕಿವುಡರೊಬ್ಬರು ಟೀಚರಾದ ನೆನಪು ಯಾರಿಗೂ ಇರಲಿಲ್ಲ. ಶಿಕ್ಷಕರ ಪದವಿಗೆ ಸೇರುವ ಮೊದಲು ಸಮಿತಿಯೊಂದು ಕೂತು ಮಾತು ಕೇಳಿ ನೋಡುತ್ತದೆ. ಉಚ್ಚಾರಣೆ ಶುದ್ಧವಾಗಿರಬೇಕು, ತೊದಲಬಾರದು, ಮೂಗಿನಲ್ಲಿ ಮಾತಾಡಬಾರದು. ನಾಲ್ಕು ವರ್ಷ ಓದಿ ಮುಗಿಸಿದ ಮೇಲೆ ಇನ್ನೊಂದು ಸಮಿತಿ ಬರುತ್ತದೆ. ಅದರ ಮುಂದೆ ಪಾಠ ಮಾಡಿ ತೋರಿಸಬೇಕು. ಆಮೇಲೆ ಪ್ರಮಾಣಪತ್ರ.

ಮನೆಯಲ್ಲಿ ಕಿವಿ ಕೇಳುವವಳು ಅಜ್ಜಿ ಒಬ್ಬಳೇ, ವೇಲ್ಕೋನ ತಾಯಿ ಸ್ಟೊಯ್ನಾ. ಶರತ್ಕಾಲದಲ್ಲಿ ಅಂಗಳದ ತಗಡಿನ ಒಲೆಯ ಮೇಲೆ ಕೆಂಪು ದೊಣ್ಣೆಮೆಣಸು ಸುಡುತ್ತ, ಸಿಪ್ಪೆ ಸುಲಿಯುತ್ತ ಮೊಮ್ಮಗಳಿಗೆ ಮಾತು ಕಲಿಸಿದಳು. ದೋಬ್ರಿನಾಳ ಅಂಗೈಯನ್ನು ತನ್ನ ಗಂಟಲಿಗೆ ಒತ್ತಿಕೊಂಡು ಒಂದು ಶಬ್ದ ಮಾಡುವಳು. "ಇನ್ನೊಂದ್ ಸಲ. ಅಲ್ಲ, ಹಂದಿ ಥರ ಆಯ್ತು. ಇನ್ನೊಂದ್ ಸಲ." ತಾನು ಏನು ಶಬ್ದ ಮಾಡುತ್ತಿದ್ದೇನೆಂದು ದೋಬ್ರಿನಾಗೆ ಗೊತ್ತಾಗುತ್ತಿರಲಿಲ್ಲ. ಅಜ್ಜಿಯ ಹುಬ್ಬು ನೋಡಿಯೇ ತಿಳಿಯಬೇಕು. ಗಂಟಲು ಹುಣ್ಣಾಗುತ್ತಿತ್ತು. ಉಗುಳಿದರೆ ಎಂಜಲಲ್ಲಿ ಕೆಂಪು. ಮೆಣಸಿನ ಬಣ್ಣ ಅಂದುಕೊಂಡು ಅಜ್ಜಿ ಸುಮ್ಮನಿರುತ್ತಿದ್ದಳು.

ಸೇರುವ ದಿನ ಸಮಿತಿಯ ಹೆಂಗಸು ಕೇಳಿದಳು: "ಮೂಗಲ್ಲಿ ಮಾತಾಡ್ತೀಯಲ್ಲ, ಶೀತ ಆಗಿದ್ಯಾ?"

"ಹೌದು. ಶೀತ," ಅಂದಳು ದೋಬ್ರಿನಾ.

ಹಾಗೆ ಒಳಗೆ ಹೋದಳು.

ಶೀತ ನಾಲ್ಕು ವರ್ಷ ಬಿಡಲಿಲ್ಲ. ಅವಳು ಮೊದಲ ಬೆಂಚಿನಲ್ಲಿ ಕೂತು ತುಟಿ ಓದಿದಳು. ಗಡ್ಡದ ಪ್ರೊಫೆಸರುಗಳ ತುಟಿ ಕಾಣುತ್ತಿರಲಿಲ್ಲ. ಬೋರ್ಡಿನ ಕಡೆ ತಿರುಗಿ ಪಾಠ ಮಾಡುವವರ ಬೆನ್ನು ಮಾತ್ರ ಕಾಣುತ್ತಿತ್ತು. ಸಂಜೆ ಹೊತ್ತಿಗೆ ಕಣ್ಣಿನ ಹಿಂದೆ ಮೊಳೆ ಹೊಡೆದ ಹಾಗೆ ನೋವು. "ಪ್ರೊಫೆಸರ್‌ಗೆ ಮುತ್ತಿಡೋ ಹಾಗೆ ಅವರ ಬಾಯನ್ನೇ ನೋಡ್ತಾಳೆ ಕಣ್ರೇ," ಎಂದು ಹಿಂದಿನ ಬೆಂಚಿನವರು ನಗುತ್ತಿದ್ದರು. ಅವರು ಅಂದಿದ್ದು ಅವಳಿಗೆ ಕೇಳುತ್ತಿರಲಿಲ್ಲ, ಆದರೆ ನಗು ಕಾಣುತ್ತಿತ್ತು. ಶನಿವಾರ ಅಪ್ಪನ ಪಕ್ಕ ಕೂತು ಅಟ್ಟೆಗಳಿಗೆ ಗೋಂದು ಬಳಿಯುತ್ತಿದ್ದಳು. ಆ ಗೋಂದು ಚರ್ಮ ಸುಡುತ್ತದೆ. ಬೆರಳ ತುದಿಗಳು ಸುಲಿದು ಗಟ್ಟಿಯಾದವು. ಅವಳನ್ನು ಓದಿಸಲು ಝ್ಲಾತ್ಕಾ ಎರಡು ಪಾಳಿ ದುಡಿದಳು. ತೊಗಲು ಕತ್ತರಿಸಿ ಕತ್ತರಿಸಿ ಅವಳ ಬಲಗೈ ಹೆಬ್ಬೆರಳು ಸೊಟ್ಟಗಾಗಿ ಹೋಯಿತು.

ಕೊನೆಯ ವರ್ಷ ಶಾಲೆಯಲ್ಲಿ ನಿಂತು ಪಾಠ ಮಾಡುವ ತರಬೇತಿ. ದೋಬ್ರಿನಾ ತನ್ನ ಹಳೆಯ ಶಾಲೆಯನ್ನೇ ಕೇಳಿ ಪಡೆದಳು. ಒಂದನೇ ತರಗತಿ, ಆರು ಮಕ್ಕಳು. ಟೀಚರ್ ಪೆನೇವಾ.

ಪೆನೇವಾ ದೋಬ್ರಿನಾಗೂ ಟೀಚರಾಗಿದ್ದವಳು. ಕೆಟ್ಟವಳಲ್ಲ. ಮಕ್ಕಳ ಕೋಟಿಗೆ ಗುಂಡಿ ಹಾಕುತ್ತಿದ್ದಳು, ಮೂಗು ಒರೆಸುತ್ತಿದ್ದಳು, ಈಸ್ಟರಿಗೆ ತನ್ನ ಕೈಯಿಂದಲೇ ಮೊಟ್ಟೆಗೆ ಬಣ್ಣ ಹಾಕಿ ತರುತ್ತಿದ್ದಳು. ಸ್ಕೇಲನ್ನೂ ಅಷ್ಟೇ ಅಕ್ಕರೆಯಿಂದ ಬಳಸುತ್ತಿದ್ದಳು.

"ಇವರು ಹೊರಗಡೆ ಬದುಕ್ಬೇಕು ಮಗಳೇ," ಎಂದಳು ಮೊದಲ ದಿನ. "ಹೊರಗಡೆ ಯಾರಿಗೆ ಕೈ ಮಾತು ಬರುತ್ತೆ? ನಿನ್ನನ್ನೇ ನೋಡು. ನಿನ್ನ ಬಾಯಿ ಬಿಡಿಸಿದ್ದು ಯಾರು?"

"ನೀವೇ ಟೀಚರ್," ಅಂದಳು ದೋಬ್ರಿನಾ. ಅಜ್ಜಿ ಸತ್ತು ಎರಡು ವರ್ಷವಾಗಿತ್ತು. ಅವಳ ಹೆಸರು ಹೇಳಲಿಲ್ಲ.

ಆರು ಮಕ್ಕಳಲ್ಲಿ ಚಿಕ್ಕವಳು ಇಸ್ಕ್ರಾ. ಏಳು ವರ್ಷ, ಗುಡ್ಡದ ಮೇಲಿನ ಹಳ್ಳಿಯವಳು. ಅಪ್ಪ ಮೆತೋದಿ ಗಾರೆ ಕೆಲಸದವನು, ಅಮ್ಮ ಸೇವ್ದಾ. ಮನೆಯಲ್ಲಿ ಎಲ್ಲರಿಗೂ ಕಿವಿ ಕೇಳುತ್ತದೆ. ಹಾಗಾಗಿ ಇಸ್ಕ್ರಾ ಯಾವ ಮಾತೂ ಇಲ್ಲದೆ ಬೆಳೆದಿದ್ದಳು. ಶಾಲೆಗೆ ಬಂದಾಗ ಮನುಷ್ಯರಿಗೆ ಹೆಸರಿರುತ್ತದೆ ಎನ್ನುವುದೂ ಅವಳಿಗೆ ಗೊತ್ತಿರಲಿಲ್ಲ. ಹಾಸ್ಟೆಲಿನ ಬಚ್ಚಲುಮನೆಯಲ್ಲಿ, ಯಾರೂ ನೋಡದ ಹೊತ್ತಿನಲ್ಲಿ, ದೊಡ್ಡ ಹುಡುಗಿಯರಿಂದ ಒಂದೇ ಚಳಿಗಾಲದಲ್ಲಿ ಕೈ ಮಾತು ಕಲಿತುಬಿಟ್ಟಳು. ತರಗತಿಯಲ್ಲಿ ಮಾತ್ರ ಕಲ್ಲಿನ ಹಾಗೆ ಕೂರುವಳು. "ಅಮ್ಮ" ಎಂದು ಹೇಳಿಸಿದರೆ "ಅಬ್ಬ" ಎನ್ನುವಳು. ಪೆನೇವಾ ಅವಳ ಬೆರಳನ್ನು ತನ್ನ ಮೂಗಿನ ಮೇಲಿಟ್ಟು, ಅವಳ ತುಟಿಯನ್ನು ಹಿಂಡಿ ಹಿಡಿದು, ಮತ್ತೆ ಮತ್ತೆ ಹೇಳಿಸುವಳು. "ಅಬ್ಬ." "ಅಬ್ಬ." "ಚೆನ್ನಾಗಿ ಹೇಳಿದ್ರೆ ಅಮ್ಮ ಬರ್ತಾಳೆ, ಖುಷಿಯಾಗಿ ಮನೆಗೆ ಕರ್ಕೊಂಡ್ ಹೋಗ್ತಾಳೆ," ಎಂದು ಗೇಟಿನ ಕಡೆ ತೋರಿಸುವಳು. ಅಷ್ಟು ಮಾತ್ರ ಇಸ್ಕ್ರಾಗೆ ಅರ್ಥವಾಗುತ್ತಿತ್ತು.

ಅಮ್ಮ ಶುಕ್ರವಾರ ಬರುತ್ತಿದ್ದಳು, ಕರವಸ್ತ್ರದಲ್ಲಿ ಚೀಸು ತುಂಬಿದ ಬಾನಿತ್ಸಾ ಕಟ್ಟಿಕೊಂಡು. ಸಂಜೆಯ ಬಸ್ಸಿಗೆ ಮಗಳನ್ನು ಕರೆದುಕೊಂಡು ಹೋಗುವಳು. ಏಪ್ರಿಲಿನಲ್ಲಿ ಬರುವುದು ನಿಂತಿತು. ಆಸ್ಪತ್ರೆಯಲ್ಲಿದ್ದಾಳೆ ಎಂದು ಹಾಸ್ಟೆಲಿನವರು ತಮ್ಮತಮ್ಮಲ್ಲಿ ಮಾತಾಡಿಕೊಂಡರು. ಇಸ್ಕ್ರಾ ಶುಕ್ರವಾರ ಚೀಲ ಬೆನ್ನಿಗೆ ಹಾಕಿಕೊಂಡು ಗೇಟಿನ ಮೆಟ್ಟಿಲ ಮೇಲೆ ಕೂರುವಳು. ಕತ್ತಲಾದ ಮೇಲೆ ಯಾರಾದರೂ ಒಳಗೆ ಎಳೆದುಕೊಂಡು ಹೋಗುತ್ತಿದ್ದರು.

ಒಂದು ಸೋಮವಾರ ಬೆಳಿಗ್ಗೆ ದೋಬ್ರಿನಾ ಬಂದಾಗ ಗೇಟಿನ ಮೇಲೆ ಕಪ್ಪು ಅಂಚಿನ ಕಾಗದ ಅಂಟಿತ್ತು. ಸತ್ತವರ ಫೋಟೋ ಹಾಕಿ, ಹೆಸರು ವಯಸ್ಸು ಬರೆದು, ಅವರು ಓಡಾಡಿದ ಕಡೆಯೆಲ್ಲ ಅಂಟಿಸುವ ಕಾಗದ. ಫೋಟೋದಲ್ಲಿ ಸೇವ್ದಾ. ತಲೆಗೆ ವಸ್ತ್ರ ಕಟ್ಟಿಕೊಂಡು ಸ್ವಲ್ಪ ನಕ್ಕಿದ್ದಳು. ಮೂವತ್ತೊಂದು ವರ್ಷ. ಕೆಳಗೆ ಇಸ್ಕ್ರಾ ನಿಂತಿದ್ದಳು. ತುದಿಗಾಲಲ್ಲಿ ನಿಂತು ಫೋಟೋದ ಕೆನ್ನೆ ಸವರುತ್ತಿದ್ದಳು. ಅವಳಿಗೆ ಓದಲು ಬರುತ್ತಿರಲಿಲ್ಲ. ದೋಬ್ರಿನಾಳನ್ನು ನೋಡಿ ಮುಖ ಅರಳಿತು. ಸುತ್ತ ಟೀಚರುಗಳಿಲ್ಲ ಎಂದು ನೋಡಿಕೊಂಡು ಕೈ ಆಡಿಸಿದಳು.

"ನನ್ನಮ್ಮ. ಚೆನ್ನಾಗಿದ್ದಾಳಲ್ವಾ? ಇಲ್ಲಿ ಹಾಕಿದ್ದಾರೆ. ಬೇರೆ ಯಾರ ಅಮ್ಮನ್ನೂ ಹಾಕಿಲ್ಲ."

ದೋಬ್ರಿನಾಳ ಕೈಗಳು ಕೋಟಿನ ಜೇಬಿನಲ್ಲೇ ಇದ್ದವು.

"ಶುಕ್ರವಾರ ಬರ್ತಾಳೆ," ಎಂದಳು ಇಸ್ಕ್ರಾ.

ದೋಬ್ರಿನಾ ನೇರ ಪೆನೇವಾಳ ಹತ್ತಿರ ಹೋದಳು.

"ಅವಳಿಗೆ ಯಾರೂ ಹೇಳಿಲ್ಲ ಟೀಚರ್."

"ಹೇಳಿದೀವಲ್ಲ. ನಾನೇ ಹೇಳ್ದೆ, ಮುಖಕ್ಕೆ ಮುಖ ಕೊಟ್ಟು, ಸ್ಪಷ್ಟವಾಗಿ. ಅಮ್ಮ ತೀರಿಕೊಂಡಳು ಅಂತ. ತಲೆ ಆಡಿಸಿದ್ಲು."

"ಅವಳು ಎಲ್ಲದಕ್ಕೂ ತಲೆ ಆಡಿಸ್ತಾಳೆ. ತಲೆ ಆಡಿಸಿದ್ರೆ ಬಿಟ್ಟುಬಿಡ್ತಾರೆ ಅಂತ. ನಾವೆಲ್ಲ ಹಾಗೇ ಮಾಡ್ತಿದ್ವಿ."

ಪೆನೇವಾ ಕನ್ನಡಕ ತೆಗೆದು ಒರೆಸಿದಳು.

"ಮಣ್ಣಿಗೆ ಕರ್ಕೊಂಡ್ ಹೋಗ್ಲಿಲ್ವಾ?" ಎಂದು ಕೇಳಿದಳು ದೋಬ್ರಿನಾ.

"ಬೇಡ ಅಂತ ಅವರಜ್ಜಿ ಹೇಳಿಕಳಿಸಿದ್ರಂತೆ. ಮಗು ಹೆದರ್ಕೊಳ್ಳುತ್ತೆ, ಅದಕ್ಕೇನು ತಿಳಿಯುತ್ತೆ ಅಂತ. ನೋಡು, ಬುಧವಾರ ನಿನ್ನ ಪಾಠ. ಸಮಿತಿ ಬರುತ್ತೆ. ಅಲ್ಲೀವರೆಗೆ ಏನೂ ಬೇಡ. ಮಗು ಅತ್ತುಕೊಂಡು ಕೂತ್ರೆ ನಿನ್ನ ಪಾಠ ಕೆಡುತ್ತೆ. ಆಮೇಲೆ ಮನಶ್ಶಾಸ್ತ್ರದವರನ್ನ ಕರೆಸೋಣ."

"ಪಾಠ 'ನನ್ನ ಕುಟುಂಬ'. ಬೇರೆ ಕೊಡೋಕೆ ಹೇಳಿ."

"ಚೀಟಿ ಎತ್ತಿ ಬಂದ ಪಾಠ ಬದಲಾಯಿಸೋಕಾಗಲ್ಲ. ನಾಲ್ಕು ವರ್ಷ ಕಷ್ಟಪಟ್ಟಿದೀಯ. ಇನ್ನೊಂದು ಎರಡು ದಿನ."

ಎರಡು ದಿನ ದೋಬ್ರಿನಾ ಸುಮ್ಮನಿದ್ದಳು. ಅದನ್ನೂ ಹೇಳಬೇಕು. ಬಿಡುವಿನಲ್ಲಿ ಇಸ್ಕ್ರಾ ಬೇರೆ ಮಕ್ಕಳನ್ನು ಗೇಟಿಗೆ ಕರೆದುಕೊಂಡು ಹೋಗಿ ಫೋಟೋ ತೋರಿಸುತ್ತಿದ್ದಳು. ದೋಬ್ರಿನಾ ಕಿಟಕಿಯಿಂದ ನೋಡಿದಳು. ಆಯಮ್ಮಂದಿರೂ ನೋಡಿದರು. ಬುಧವಾರ ಕಳೆಯಲಿ, ಬುಧವಾರ ಕಳೆಯಲಿ ಎಂದು ಅವಳು ತನಗೆ ತಾನೇ ಹೇಳಿಕೊಂಡಳು.

ಬುಧವಾರ ಸಮಿತಿಯ ಮೂವರು ಬಂದು ಹಿಂದಿನ ಸಾಲಿನಲ್ಲಿ ಕೂತರು. ಮುಖ್ಯಸ್ಥೆ ಪ್ರೊಫೆಸರ್ ದೊಚೆವಾ. ಪೆನೇವಾ ಮಕ್ಕಳ ಕೂದಲು ಬಾಚಿ, ಕೈಗಳನ್ನು ತೊಡೆಯಡಿ ಇಡಿಸಿ ಹೋಗಿ ಬಾಗಿಲ ಬಳಿ ನಿಂತಳು. ದೋಬ್ರಿನಾ ಬೋರ್ಡಿಗೆ ಚಿತ್ರ ತೂಗುಹಾಕಿದಳು. ಒಲೆಯ ಮುಂದೆ ಅಮ್ಮ, ಕುರ್ಚಿಯಲ್ಲಿ ಅಪ್ಪ, ಮೇಜಿನ ಮೇಲೆ ಸೂಪು. ಬಾಯಿ ತೆರೆದು, ಪ್ರತಿ ಅಕ್ಷರವನ್ನೂ ಗಂಟಲಿನಿಂದ ಕಿತ್ತು ತೆಗೆದು ಹೇಳಿದಳು: "ಇವಳು ನನ್ನ ಅಮ್ಮ. ಅಮ್ಮ ಸೂಪು ಮಾಡುತ್ತಾಳೆ."

ಮಕ್ಕಳು ಒಬ್ಬೊಬ್ಬರಾಗಿ ಎದ್ದು ಹೇಳಿದರು. ಅವರಲ್ಲಿ ಯಾರಿಗೂ ತಮ್ಮ ಅಮ್ಮನೊಡನೆ ಮಾತಾಡಲು ಬರುತ್ತಿರಲಿಲ್ಲ. ಆದರೂ ಹೇಳಿದರು. ದೊಚೆವಾ ಬರೆದುಕೊಳ್ಳುತ್ತಿದ್ದಳು. ಇಸ್ಕ್ರಾಳನ್ನು ಬಿಟ್ಟು ಮುಂದೆ ಹೋಗಬೇಕು ಎಂದು ದೋಬ್ರಿನಾ ಲೆಕ್ಕ ಹಾಕಿದ್ದಳು.

"ಆ ಚಿಕ್ಕ ಹುಡುಗಿ?" ಎಂದು ದೊಚೆವಾ ಪೆನ್ನು ತೋರಿಸಿದಳು. "ಅವಳ್ದೂ ಕೇಳೋಣ."

ಇಸ್ಕ್ರಾ ತಾನೇ ಎದ್ದು ಬಂದಳು. ದೋಬ್ರಿನಾಳ ಕೈ ಹಿಡಿದು ತನ್ನ ಮೂಗಿನ ಮೇಲೆ ಇಟ್ಟುಕೊಂಡಳು. ತುಟಿ ಕೂಡಿಸಿದಳು. ದೋಬ್ರಿನಾಳ ಬೆರಳಿಗೆ ಮೂಗಿನ ಮೂಳೆ ಅದುರಿದ್ದು ತಿಳಿಯಿತು. ಒಣಗಿ ಗಟ್ಟಿಯಾದ ಬೆರಳಿಗೂ ತಿಳಿಯಿತು.

"ಅಮ್ಮ," ಎಂದಳು ಇಸ್ಕ್ರಾ.

ದೊಚೆವಾ ಚಪ್ಪಾಳೆ ತಟ್ಟಿದಳು. ಬಾಗಿಲ ಬಳಿ ಪೆನೇವಾ ಕಣ್ಣೊರೆಸಿಕೊಂಡಳು. ಇಸ್ಕ್ರಾ ಅವರ ಮುಖಗಳನ್ನೆಲ್ಲ ನೋಡಿದಳು. ಆಮೇಲೆ ಕಿಟಕಿಯ ಆಚೆ ಗೇಟಿನ ಕಡೆ ನೋಡಿದಳು. ಸಮಿತಿಯ ಮುಂದೆಯೇ ಕೈ ಎತ್ತಿದಳು.

"ಸರಿಯಾಗಿ ಹೇಳ್ದೆ. ಈಗ ಬರ್ತಾಳಾ?"

"ಕೈ," ಎಂದಳು ಪೆನೇವಾ. "ಕೈ ಕೆಳಗೆ."

ದೋಬ್ರಿನಾ ನೆಲದ ಮೇಲೆ ಕೂತಳು, ಇಸ್ಕ್ರಾಳ ಮುಖದ ಎತ್ತರಕ್ಕೆ. ಸಮಿತಿಗೆ ಅವಳ ಬೆನ್ನು. ನಾಲ್ಕು ವರ್ಷದಲ್ಲಿ ಮೊದಲ ಬಾರಿ ಅವಳು ತರಗತಿಯೊಂದರಲ್ಲಿ ಕೈ ಎತ್ತಿದಳು.

"ಅಮ್ಮನಿಗೆ ಮೈ ಹುಷಾರಿರಲಿಲ್ಲ. ಆಸ್ಪತ್ರೆಗೆ ಹೋದಳು."

"ಗೊತ್ತಿಲ್ಲ."

"ನಿನಗೆ ಯಾರೂ ಹೇಳಲಿಲ್ಲ. ಈಗ ನಾನು ಹೇಳ್ತಿದೀನಿ. ಡಾಕ್ಟರು ನೋಡಿದರು. ಆಗಲಿಲ್ಲ. ಅಮ್ಮ ಸತ್ತುಹೋದಳು."

ಇಸ್ಕ್ರಾ ಅವಳ ಕೈಗಳನ್ನೇ ನೋಡಿದಳು.

"ಕಿಟಕಿ ಹತ್ರ ಗುಬ್ಬಿ ಸತ್ತಿತ್ತಲ್ಲ, ಹಾಗಾ?"

"ಹಾಗೇ."

"ಗುಬ್ಬೀನ ಮಣ್ಣಲ್ಲಿ ಇಟ್ವಿ."

"ಅಮ್ಮನ್ನೂ ಇಟ್ಟರು. ಅಪ್ಪ ಇದ್ದ. ಅಜ್ಜಿ ಇದ್ದಳು."

"ನಾನಿರಲಿಲ್ಲ."

"ನೀನಿರಲಿಲ್ಲ."

ಆ ಹೊತ್ತಿಗೆ ಪೆನೇವಾ ಬಂದು ಹಿಂದಿನಿಂದ ದೋಬ್ರಿನಾಳ ಎರಡು ಮಣಿಕಟ್ಟನ್ನೂ ಹಿಡಿದಳು. ಬಲವಾಗಿ ಹಿಡಿದಳು. ಮಾತಿನ ನಡುವೆ ಬಾಯಿ ಮುಚ್ಚಿದ ಹಾಗಾಯಿತು. ಇಸ್ಕ್ರಾ ಇನ್ನೂ ಕಾಯುತ್ತಿದ್ದಳು. ದೋಬ್ರಿನಾ ತಲೆ ಎತ್ತಿ, ತನ್ನ ಮೂಗಿನ ದನಿಯಲ್ಲಿ, ಶುದ್ಧವೋ ಅಶುದ್ಧವೋ ನೋಡದೆ ಹೇಳಿದಳು.

"ಹತ್ತು ವರ್ಷ ಹಿಡ್ಕೊಂಡಿದ್ರಿ ಟೀಚರ್. ಇನ್ನು ಬಿಡಿ."

ಪೆನೇವಾ ಬಿಡಲಿಲ್ಲ. ದೋಬ್ರಿನಾ ಕೊಸರಿ ಬಿಡಿಸಿಕೊಂಡಳು. ಪೆನೇವಾಳ ಕನ್ನಡಕ ಕೆಳಗೆ ಬಿತ್ತು. ದೊಚೆವಾ ಎದ್ದು ನಿಂತು ಏನೋ ಹೇಳುತ್ತಿದ್ದಳು. ಏನೆಂದು ದೋಬ್ರಿನಾ ನೋಡಲಿಲ್ಲ. ನೋಡದಿದ್ದರೆ ಅವಳಿಗೆ ಕೇಳುವುದಿಲ್ಲ.

"ನಾನು ಈಗ ಚೆನ್ನಾಗಿ ಹೇಳ್ದೆ," ಎಂದಳು ಇಸ್ಕ್ರಾ. "ಅಮ್ಮ ಅಂತ ಹೇಳ್ದೆ. ಆದ್ರೂ ಬರಲ್ವಾ?"

"ಬರಲ್ಲ. ನೀನು ಹೇಳಿದ್ದು ಚೆನ್ನಾಗಿತ್ತು. ಮುಂಚೆ ಹೇಳ್ತಿದ್ದದ್ದೂ ಚೆನ್ನಾಗಿತ್ತು. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ನಿನ್ನಿಂದ ಏನೂ ತಪ್ಪಾಗಿಲ್ಲ."

"ಶುಕ್ರವಾರ?"

"ಯಾವ ಶುಕ್ರವಾರವೂ ಬರಲ್ಲ."

ಎರಡನೇ ಬೆಂಚಿನ ಹುಡುಗನೊಬ್ಬ ಕೈ ಹೊರಗೆ ತೆಗೆದು, "ಯಾರಮ್ಮ ಸತ್ತಿದ್ದು?" ಎಂದು ಕೇಳಿದ.

ಇಸ್ಕ್ರಾ ಅವನ ಕಡೆ ತಿರುಗಿದಳು. "ನಂದು," ಎಂದಳು. ಆಮೇಲೆ ಅತ್ತಳು. ಆ ಅಳುವಿನ ಶಬ್ದ ಹೇಗಿತ್ತೆಂದು ದೋಬ್ರಿನಾಗೆ ಗೊತ್ತಿಲ್ಲ. ಕೇಳಿಸಿಕೊಂಡವರು ಆ ಕೋಣೆಯಲ್ಲಿ ನಾಲ್ಕು ಜನ ಇದ್ದರು.

ಕಾರಿಡಾರಿನಲ್ಲಿ ದೊಚೆವಾ ಅವಳೆದುರು ನಿಂತು, ತುಟಿ ಕಾಣುವ ಹಾಗೆ ನಿಧಾನವಾಗಿ ಮಾತಾಡಿದಳು. ಅಷ್ಟು ಸೌಜನ್ಯ ಅವಳಿಗಿತ್ತು.

"ನಿನ್ನ ಉಚ್ಚಾರಣೆಗೆ ನಾನು ಪಾಸ್ ಕೊಡೋಳಿದ್ದೆ. ಗೊತ್ತಾ? ಮೂಗು, ಎಲ್ಲಾ ಸೇರಿ. ನೀನೇ ಹಾಳು ಮಾಡ್ಕೊಂಡೆ."

ಪದವಿ ಸಿಕ್ಕಿತು. ಪಾಠ ಮಾಡುವ ಹಕ್ಕು ಸಿಗಲಿಲ್ಲ. ಬೋಧನಾ ವಿಧಾನದ ಉಲ್ಲಂಘನೆ, ಮಕ್ಕಳಿಗೆ ಮಾನಸಿಕ ಆಘಾತ, ಹಿರಿಯ ಶಿಕ್ಷಕಿಯೊಡನೆ ಒರಟು ವರ್ತನೆ. ಬೇಕಿದ್ದರೆ ಸೆಪ್ಟೆಂಬರಿನಲ್ಲಿ ಮತ್ತೊಮ್ಮೆ ಪರೀಕ್ಷೆಗೆ ಕೂರಬಹುದು ಎಂದಿತು ಸಮಿತಿ.

ಮನೆಯಲ್ಲಿ ಝ್ಲಾತ್ಕಾ ಊಟದ ತಟ್ಟೆ ಪಕ್ಕಕ್ಕೆ ತಳ್ಳಿ ಮಗಳ ಮೇಲೆ ಹರಿಹಾಯ್ದಳು. ಸೊಟ್ಟ ಹೆಬ್ಬೆರಳಿನಿಂದ ಅವಳ ಮಾತು ಸ್ವಲ್ಪ ತೊದಲುತ್ತಿತ್ತು.

"ಗುರುವಾರ ಹೇಳಿದ್ರೆ ಆಗ್ತಿರಲಿಲ್ವಾ? ಒಂದೇ ಒಂದು ದಿನ ಕಣೇ."

"ಸೋಮವಾರದಿಂದ ನಾನೂ ಹಾಗೇ ಅಂದ್ಕೊಂಡಿದ್ದೆ."

"ಇನ್ನರ್ಧ ಗಂಟೆ ಕೈ ಕೆಳಗಿಟ್ಕೊಂಡಿದ್ರೆ ಮೂವತ್ತು ವರ್ಷ ಅಲ್ಲಿ ಇರ್ತಿದ್ದೆ. ಬಾಗಿಲು ಹಾಕ್ಕೊಂಡು ಮಕ್ಕಳ ಹತ್ರ ಏನು ಬೇಕಾದ್ರೂ ಮಾತಾಡಬಹುದಿತ್ತು. ಇವತ್ತು ಒಂದು ಮಗೂಗೆ ಹೇಳ್ದೆ. ನಾಳೆ ಬರೋ ಮಕ್ಕಳಿಗೆ ಅಲ್ಲಿ ಯಾರಿದ್ದಾರೆ ಹೇಳು. ಪೆನೇವಾ ಇದ್ದಾಳೆ. ಅವಳ ಸ್ಕೇಲಿದೆ."

ವೇಲ್ಕೋ ನಡುವೆ ಬರಲಿಲ್ಲ. ಅಮ್ಮ ಹೇಳಿದ್ದು ಸುಳ್ಳಾಗಿರಲಿಲ್ಲ. ಮರುದಿನದಿಂದ ದೋಬ್ರಿನಾ ಕಾರ್ಖಾನೆಗೆ ಹೋದಳು, ಗೋಂದಿನ ಡಬ್ಬಿ ಹಿಡಿದಳು. ಅಮ್ಮ ಪಕ್ಕದ ಮೇಜಿನಲ್ಲೇ ಇದ್ದು ತಿಂಗಳುಗಟ್ಟಲೆ ಅವಳ ಕಡೆ ಮುಖ ಮಾಡಲಿಲ್ಲ. ಕಿವುಡರ ಮನೆಯಲ್ಲಿ ಮುಖ ತಿರುಗಿಸಿದರೆ ಮಾತು ಮುಗಿಯಿತು.

ಮೇ ತಿಂಗಳಲ್ಲಿ ಇಸ್ಕ್ರಾಳ ಅಪ್ಪ ಮೆತೋದಿ ಕಾರ್ಖಾನೆಗೆ ಬಂದ. ಕಾವಲುಗಾರ ದೀಪವನ್ನು ಹತ್ತಿಸಿ ಆರಿಸಿ ಅವಳನ್ನು ಅಂಗಳಕ್ಕೆ ಕರೆದ. ಮೆತೋದಿ ಎತ್ತರದ ಮನುಷ್ಯ, ಉಗುರಲ್ಲಿ ಸುಣ್ಣ, ತೋಳಿಗೆ ಕಪ್ಪು ಪಟ್ಟಿ. ಸಿಟ್ಟಿನಲ್ಲಿ ಮಾತಾಡುತ್ತಿದ್ದ.

"ಮೀಸೆ ಅಡ್ಡ ಬರ್ತಿದೆ," ಎಂದಳು ದೋಬ್ರಿನಾ. "ನಿಧಾನ ಹೇಳಿ."

ಅವನು ಮೀಸೆಯನ್ನು ಎರಡು ಬೆರಳಲ್ಲಿ ಮೇಲೆತ್ತಿ ಹಿಡಿದ. ಬೇರೆ ದಿನವಾಗಿದ್ದರೆ ಅವಳಿಗೆ ನಗು ಬರುತ್ತಿತ್ತು.

"ನನ್ನ ಮಗಳಿಗೆ ಹೇಳೋಕೆ ನೀನ್ಯಾರು? ನಾನು ಹೇಳೋನಿದ್ದೆ. ನಾನು ಅವಳಪ್ಪ."

"ಹೇಗೆ ಹೇಳ್ತಿದ್ರಿ?"

ಅಂಗಳದಲ್ಲಿ ರಬ್ಬರಿನ ತುಂಡುಗಳ ರಾಶಿ ಬಿದ್ದಿತ್ತು. ಅವನು ಅದರ ಮೇಲೆ ಕುಸಿದು ಕೂತ.

"ಸೇವ್ದಾ ಕೊನೇಲಿ ಮಗಳನ್ನ ಕರ್ಕೊಂಡ್ ಬಾ ಅಂದ್ಲು," ಎಂದ. "ನಮ್ಮಮ್ಮ ಬೇಡ ಅಂದ್ಲು. ನಾನೂ ಸುಮ್ಮನಾದೆ. ಆ ಮಗೂಗೆ ಏನು ತಿಳಿಯುತ್ತೆ ಅಂತ." ಮತ್ತೆ ಮೀಸೆ ಎತ್ತಿ ಹಿಡಿದು ಹೇಳಿದ, "ಈಗ ಏನೋ ಕೇಳ್ತಾಳೆ ಕೈಯಲ್ಲಿ. ಊಟಕ್ಕೆ ಕೂತ್ರೂ ಅದನ್ನೇ ಕೇಳ್ತಾಳೆ. ನಂಗೆ ಅರ್ಥ ಆಗಲ್ಲ. ಬೆನ್ನು ತಿರುಗಿಸಿ ಹೋಗಿಬಿಡ್ತಾಳೆ. ಟೀಚರೇ, ನೀವು..."

"ನಾನು ಟೀಚರಲ್ಲ. ಶನಿವಾರ ಅವಳನ್ನ ಕರ್ಕೊಂಡ್ ಬನ್ನಿ. ನೀವೂ ಕೂತ್ಕೊಳ್ಳಿ. ಕಲೀಬೇಕಾದ್ದು ನೀವು, ಅವಳಲ್ಲ."

ಸೆಪ್ಟೆಂಬರಿನಲ್ಲಿ ದೋಬ್ರಿನಾಗೆ ಕರೆ ಬಂತು. ದೊಚೆವಾ ತನ್ನ ಕೋಣೆಯಲ್ಲಿ ಕಾಫಿ ಕೊಟ್ಟು ಕೂರಿಸಿದಳು. ಬೇರೆ ತರಗತಿ, ಸುಲಭದ ಪಾಠ, ಪೆನೇವಾ ಇರುವುದಿಲ್ಲ. ಅದಕ್ಕೆ ಮೊದಲು ಒಂದು ಕಾಗದಕ್ಕೆ ಸಹಿ. ತರಗತಿಯಲ್ಲಿ ಸನ್ನೆ ಬಳಸುವುದಿಲ್ಲ, ನಡೆದದ್ದಕ್ಕೆ ವಿಷಾದಿಸುತ್ತೇನೆ.

ದೋಬ್ರಿನಾ ಕಾಗದ ಓದಿದಳು. ಅಮ್ಮನ ಹೆಬ್ಬೆರಳು ನೆನಪಾಯಿತು. ಪೆನ್ನು ತೆಗೆದುಕೊಂಡಳು ಕೂಡ.

"ಇನ್ನೊಂದು ಮಗುವಿನ ಅಮ್ಮ ಸತ್ರೆ ನಾನು ಏನು ಮಾಡ್ಬೇಕು?" ಎಂದು ಕೇಳಿದಳು.

"ಅದಕ್ಕೆ ಮನಶ್ಶಾಸ್ತ್ರದವರು ಇರ್ತಾರೆ."

"ಅವರಿಗೆ ಕೈ ಮಾತು ಬರುತ್ತಾ?"

ದೊಚೆವಾ ಕಾಗದವನ್ನು ಅವಳ ಹತ್ತಿರ ಸರಿಸಿದಳು. "ಹುಡುಗಿ, ಸಹಿ ಹಾಕು. ನಿನ್ನಂಥವರಿಗೆ ಎರಡು ಸಲ ಬಾಗಿಲು ತೆಗೆಯಲ್ಲ."

"ನಡೆದದ್ದಕ್ಕೆ ವಿಷಾದ ಇದೆ," ಎಂದಳು ದೋಬ್ರಿನಾ. "ಎರಡು ದಿನ ಸುಮ್ಮನಿದ್ದದ್ದಕ್ಕೆ. ಹಾಗೆ ಬರೆದುಕೊಡಿ, ಹಾಕ್ತೀನಿ."

ಹಾಗೆ ಬರೆದುಕೊಡಲಿಲ್ಲ. ಅವಳು ಪೆನ್ನು ಮೇಜಿನ ಮೇಲಿಟ್ಟು ಎದ್ದಳು.

ಈಗಲೂ ಅಟ್ಟೆಗೆ ಗೋಂದು ಬಳಿಯುತ್ತಾಳೆ. ಆ ಶಾಲೆಯಲ್ಲಿ ಈಗಲೂ ಮಕ್ಕಳು ಕೈಗಳ ಮೇಲೆ ಕೂರುತ್ತಾರೆ. ಪೆನೇವಾ ನಿವೃತ್ತಳಾದಳು. ಅವಳ ಜಾಗಕ್ಕೆ ಸ್ಪಷ್ಟ ಉಚ್ಚಾರಣೆಯ ಹೊಸ ಹುಡುಗಿ ಬಂದಿದ್ದಾಳೆ.

ಆ ವರ್ಷ ಮೆತೋದಿ ಪ್ರತಿ ಶನಿವಾರದ ಬಸ್ಸಿಗೆ ಮಗಳನ್ನು ಕಾರ್ಖಾನೆಗೆ ಕರೆದುಕೊಂಡು ಬಂದ. ಬೇಸಿಗೆಯಿಡೀ ಬಂದ, ಚಳಿಯಲ್ಲೂ ಬಂದ. ಅವನ ಬೆರಳು ದಪ್ಪ, ಮಡಚುವುದಿಲ್ಲ. "ನೀರು" ಎನ್ನಲು ಹೋಗಿ ಏನೋ ಪೋಲಿ ಮಾತಾಡಿದ. ಕೆಲಸಗಾರರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಇಸ್ಕ್ರಾ ಬೇಸರದಿಂದ ಅವನ ಬೆರಳುಗಳನ್ನು ಹಿಡಿದು ಸರಿಮಾಡಿದಳು. ಮನೆಯಲ್ಲಿ ಅವಳು ಕೇಳುತ್ತಲೇ ಇದ್ದ ಆ ಪ್ರಶ್ನೆಯನ್ನು ಮಾತ್ರ ದೋಬ್ರಿನಾ ಅವನಿಗೆ ಬಾಯಲ್ಲಿ ಹೇಳಿಕೊಡಲಿಲ್ಲ. ಅದು ಅವರಿಬ್ಬರ ನಡುವಿನ ಮಾತು. ಅವನೇ ಅರ್ಥಮಾಡಿಕೊಳ್ಳಲಿ ಎಂದು ಕಾದಳು.

ಫೆಬ್ರವರಿಯ ಒಂದು ಶನಿವಾರ ಅವನಿಗೆ ಅರ್ಥವಾಯಿತು. ಇಸ್ಕ್ರಾ ಎಂದಿನಂತೆ ಕೇಳಿದಳು. ಮೆತೋದಿಯ ಮುಖ ಬದಲಾಯಿತು. ಅವನು ಯಾರ ಕಡೆಗೂ ನೋಡಲಿಲ್ಲ.

"ಅಮ್ಮನಿಗೆ ತುಂಬಾ ನೋವಾಯ್ತಾ?" ಇಷ್ಟು ತಿಂಗಳು ಇಸ್ಕ್ರಾ ಕೇಳುತ್ತಿದ್ದುದು ಅದನ್ನೇ.

ಕೈಯಲ್ಲಿ ಮಾತಾಡುವವರ ಗುಟ್ಟಿನ ಮಾತಿಗೆ ಮರೆ ಇರುವುದಿಲ್ಲ. ಹತ್ತಿರದವರು ಕಣ್ಣು ಬೇರೆ ಕಡೆ ಇಡಬೇಕು, ಅಷ್ಟೇ. ದೋಬ್ರಿನಾ ಗೋಂದಿನ ಡಬ್ಬಿಯ ಕಡೆ ತಿರುಗಿದಳು. ಪಕ್ಕದ ಮೇಜಿನಲ್ಲಿ ಝ್ಲಾತ್ಕಾ ಕೂಡ ಕತ್ತರಿ ಕೆಳಗಿಟ್ಟು ಗೋಡೆಯ ಕಡೆ ತಿರುಗಿದಳು. ಅವರ ಬೆನ್ನ ಹಿಂದೆ ಮೆತೋದಿ, ದಪ್ಪ ಬೆರಳುಗಳನ್ನು ಒಂದೊಂದಾಗಿ ಎತ್ತುತ್ತ, ಮಗಳಿಗೆ ನಿಜ ಹೇಳುತ್ತಿದ್ದ.